ಮಾವನ ಹೆಸರಿನ ಓಟ

ಸೋಮವಾರಪೇಟೆ ಕಡೆಯ ಈ ಮಹಿಳೆಗೆ ನಲವತ್ತರ ಆಸುಪಾಸು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಸಾಕಿ ಬೆಳೆಸಿದ ಸೋದರಮಾವ ಹಿಂದಿನ ವರ್ಷದ ಮಳೆಗಾಲದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಅವರ ನೆನಪಿಗೆ ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಪೂರ್ತಿ 42.195 ಕಿ.ಮೀ. ಓಡಿ, ಬಡ ರೋಗಿಗಳ ಚಿಕಿತ್ಸೆಗೆ ಹಣ ಕೂಡಿಸುವುದಾಗಿ ಈಕೆ ಎಲ್ಲರಿಗೂ ಹೇಳಿದ್ದರು. ನಂಟರಷ್ಟೇ ಅಲ್ಲ, ತೋಟದ ಕೆಲಸದವರೂ ಕೈಲಾದಷ್ಟು ಕೊಟ್ಟಿದ್ದರು.

ಅಕ್ಟೋಬರ್‌ನ ಕಾವೇರಿ ಸಂಕ್ರಮಣದ ಹೊತ್ತಿಗೆ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಾಗ ಕುಂಟುತ್ತಿದ್ದರು. ಮಳೆಯೆನ್ನದೆ ಇಳಿಜಾರು ರಸ್ತೆಗಳಲ್ಲಿ ಓಡಿ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ಕೆಲವು ವಾರ ಓಟ ಕೂಡದೆಂದು ವೈದ್ಯರು ಹೇಳಿದ್ದರೂ ನೋವಿನ ಮಾತ್ರೆ ನುಂಗಿ ಓಡುತ್ತಿದ್ದರು. “ನಿಲ್ಲಿಸಿದರೆ ಮಾವನಿಗೆ ದ್ರೋಹ, ದುಡ್ಡು ಕೊಟ್ಟವರಿಗೆ ಮೋಸ” ಎಂದರು.

ಮಾವನ ಕೊನೆಯ ದಿನದ ಬಗ್ಗೆ ಕೇಳಿದೆ. ಮಾವನನ್ನು ನೋಡಲು ಈಕೆ ಮೈಸೂರಿನ ಆಸ್ಪತ್ರೆಗೆ ಹೊರಟಿದ್ದರು. ದಾರಿಯಲ್ಲಿ ಮರ ಬಿದ್ದು ಗಂಟೆಗಟ್ಟಲೆ ಕಾದರು. ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾವನ ಹಳೆಯ ಜರ್ಕಿನ್ ಇಂದಿಗೂ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ, ಜೇಬಿನಲ್ಲಿ ಗಿಡ ಸವರುವ ಕಪಾತಿನ ಕತ್ತರಿ ಹಾಗೇ ಇದೆ. ಅದನ್ನು ಮುಟ್ಟಲು ಯಾರಿಗೂ ಬಿಟ್ಟಿಲ್ಲ. ಅತ್ತೆ, ಅಂದರೆ ಮಾವನ ಹೆಂಡತಿ, ಅದರ ಮಾತೆತ್ತಿದರೆ ಈಕೆ ಬೂಟು ಕಟ್ಟಿ ಹೊರಟುಬಿಡುತ್ತಿದ್ದರು. ಓಟದ ಭಾರವೆಲ್ಲ ಅಲ್ಲಿಂದ ಬಂದದ್ದು ಎಂದು ನನಗೆ ಅನ್ನಿಸಿತು.

ಸಾವಿನ ನಂತರ 6 ತಿಂಗಳು ಕಳೆದರೂ ತೀವ್ರ ಹಂಬಲ, ಸಂಕಟ ಬಿಡದೆ ಬದುಕನ್ನೇ ಕೆಡಿಸುತ್ತಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಅದನ್ನು ದೀರ್ಘಕಾಲಿಕ ಶೋಕದ ಕಾಯಿಲೆ ಎನ್ನುತ್ತದೆ. ಇವರದು ಅದಲ್ಲ. ಮಕ್ಕಳು, ಮನೆ, ತೋಟದ ಲೆಕ್ಕ ಎಲ್ಲವನ್ನೂ ನಿಭಾಯಿಸುತ್ತಿದ್ದರು. ಆದರೆ ‘ಹೋಗಿ ಮುಟ್ಟಲಿಲ್ಲ’ ಎಂಬ ಕೊರಗನ್ನು ಮೈ ದಂಡಿಸಿ ತೀರಿಸಲು ಹೊರಟಿದ್ದರು.

ನಾನು ನೇರವಾಗಿ ಹೇಳಿದೆ: ಬಿರುಕಿನ ಮೇಲೆ ಓಡಿದರೆ ಮೂಳೆ ಪೂರ್ತಿ ಮುರಿಯಬಹುದು. ನೋವಿನ ಮಾತ್ರೆ ನುಂಗಿ ದೂರ ಓಡುವುದು ಮೂತ್ರಪಿಂಡಕ್ಕೂ ಅಪಾಯ. ವೈದ್ಯರ ಮಾತಿಗೆ ಎದುರಾಡಬೇಡಿ. ಹಣ ಆಗಲೇ ರೋಗಿಗಳಿಗೆ ನೆರವಾಗುವ ಸಂಸ್ಥೆಯ ಖಾತೆ ಸೇರಿದೆ. ನಿಮ್ಮ ಕಾಲಿನ ನೋವಿಗೆ ಯಾರೂ ದುಡ್ಡು ಕೊಟ್ಟಿಲ್ಲ. ಕೊಟ್ಟವರಿಗೆಲ್ಲ ನೀವೇ ವಿಷಯ ತಿಳಿಸಿ, ವಾಪಸು ಬೇಕೆಂದವರಿದ್ದರೆ ಸಂಸ್ಥೆಯೊಂದಿಗೆ ಮಾತನಾಡಿ. ಓಟವನ್ನು ಮುಂದಿನ ವರ್ಷಕ್ಕೆ ಇಡಿ. ಅದಕ್ಕಿಂತ ಮೊದಲು ಒಂದು ಸಂಜೆ ಅತ್ತೆಯ ಜತೆ ಕುಳಿತು ಆ ದಿನದ ಕಥೆಯನ್ನು ಪೂರ್ತಿ ಕೇಳಿ. ಮಾವ ಕೊನೆಗೆ ಏನು ಕೇಳಿದರು, ಯಾರ ಹೆಸರು ಹೇಳಿದರು ಎಂಬುದು ಅವರಿಗೇ ಗೊತ್ತು. ಅಳು ಬಂದರೆ ಅತ್ತುಬಿಡಿ.

ಕೊನೆಯ ಸಲಹೆಗೆ ಅವರು ಬಹಳ ಹೊತ್ತು ಒಪ್ಪಲಿಲ್ಲ. ನಾನು ಒತ್ತಾಯಿಸಲಿಲ್ಲ.

ಸಂದೇಶ ಕಳುಹಿಸಿದ ಮೇಲೆ ಯಾರೂ ಹಣ ವಾಪಸು ಕೇಳಿಲ್ಲ. ಓಟ ನಿಂತಿದೆ, ಕಾಲಿನ ನೋವು ಇಳಿಯುತ್ತಿದೆ. ಅತ್ತೆಯ ಜತೆ ಮಾತು ಅರ್ಧಕ್ಕೇ ನಿಂತಿತಂತೆ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.