ಸಂಪಾದಕರ ಉತ್ತರ: ಸುಳ್ಳು ಬಯಲಾಗಲು 41 ವರ್ಷ ಏಕೆ ಬೇಕಾಯಿತು?

ಮಾನ್ಯರೇ,

ಸೋಮವಾರಪೇಟೆಯಿಂದ ನೀವು ಬರೆದ ಪತ್ರ ತಲುಪಿದೆ. ಕಳೆದ ಸಂಚಿಕೆಯ ಪಿಲ್ಟ್‌ಡೌನ್ ಮಾನವನ ಲೇಖನವನ್ನು ಓದಿ ನೀವು ಕೇಳಿರುವುದು ಇದು: ವಿಜ್ಞಾನ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಹಾಗಿದ್ದರೆ ಒಂದು ನಕಲಿ ಬುರುಡೆಯನ್ನು ಗುರುತಿಸಲು ಲಂಡನ್ನಿನ ವಿದ್ವಾಂಸರಿಗೆ 41 ವರ್ಷ ಏಕೆ ಬೇಕಾಯಿತು, ಅಷ್ಟು ಕಾಲ ಮೋಸಹೋದವರ ಮಾತನ್ನು ಭೂಕುಸಿತದ ವಿಷಯದಲ್ಲಾಗಲಿ ಲಸಿಕೆಯ ವಿಷಯದಲ್ಲಾಗಲಿ ನಾವು ಏಕೆ ನಂಬಬೇಕು? ನ್ಯಾಯವಾದ ಪ್ರಶ್ನೆ. ಇದಕ್ಕೆ ಎರಡು ಸಾಲಿನ ಸಮಾಧಾನ ಹೇಳಿ ಕಳುಹಿಸುವುದು ಸರಿಯಲ್ಲ ಎನಿಸಿದ್ದರಿಂದ ಈ ಬಾರಿ ಉತ್ತರ ದೀರ್ಘವಾಗಿದೆ.

ಆ ಲೇಖನ ಓದದವರಿಗಾಗಿ ಸಂಗತಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಪಿಲ್ಟ್‌ಡೌನ್ ಎಂಬಲ್ಲಿ ಚಾರ್ಲ್ಸ್ ಡಾಸನ್ ಎಂಬ ವಕೀಲನಿಗೆ ಸಿಕ್ಕಿದ್ದೆಂದು ಹೇಳಲಾದ ತಲೆಬುರುಡೆಯ ಚೂರುಗಳನ್ನೂ ದವಡೆಯನ್ನೂ 1912ರ ಡಿಸೆಂಬರಿನಲ್ಲಿ ಮನುಷ್ಯನ ಪೂರ್ವಜನದೆಂದು ಸಾರಲಾಯಿತು. ಬ್ರಿಟಿಷ್ ಮ್ಯೂಸಿಯಂನ ಭೂವಿಜ್ಞಾನಿ ಆರ್ಥರ್ ಸ್ಮಿತ್ ವುಡ್‌ವರ್ಡ್ ಅದಕ್ಕೆ ತಮ್ಮ ಹೆಸರಿನ ಬಲ ಕೊಟ್ಟರು. ಬುರುಡೆ ಮನುಷ್ಯನದು, ದವಡೆ ಕಪಿಯದು, ಎರಡಕ್ಕೂ ಬಣ್ಣ ಹಾಕಿ ಹಳೆಯದಾಗಿ ಕಾಣುವಂತೆ ಮಾಡಲಾಗಿದೆ ಎಂಬುದು ಖಚಿತವಾದದ್ದು 1953ರಲ್ಲಿ.

ವಿಜ್ಞಾನ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾರಾದರೊಬ್ಬರು ಕುಳಿತು ತಿದ್ದಬೇಕು. ಅದಕ್ಕೆ ಅವರ ಕೈಗೆ ವಸ್ತು ಸಿಗಬೇಕು, ಅವರ ಮಾತನ್ನು ಕೇಳುವವರೂ ಇರಬೇಕು. ಪಿಲ್ಟ್‌ಡೌನಿನಲ್ಲಿ ಅನುಮಾನಪಟ್ಟವರಿಗೆ ಬರವಿರಲಿಲ್ಲ. ಮರುವರ್ಷವೇ, 1913ರಲ್ಲಿ, ಲಂಡನ್ನಿನ ಅಂಗರಚನಾ ತಜ್ಞ ಡೇವಿಡ್ ವಾಟರ್‌ಸ್ಟನ್ ಆ ದವಡೆ ಕಪಿಯದು, ಬುರುಡೆ ಮನುಷ್ಯನದು, ಇವೆರಡೂ ಒಂದೇ ಜೀವಿಯವಲ್ಲ ಎಂದು ಬರೆದಿದ್ದರು. ಆದರೆ ಮೊದಲು ದೊಡ್ಡ ಮಿದುಳು ಬಂತು, ಉಳಿದದ್ದೆಲ್ಲ ಆಮೇಲೆ ಎಂಬ ಊಹೆ ಅಂದಿನ ಇಂಗ್ಲೆಂಡಿನ ಪ್ರಮುಖ ವಿದ್ವಾಂಸರ ಮನಸ್ಸಿನಲ್ಲಿ ಬೇರೂರಿತ್ತು, ಮತ್ತು ಈ ಬುರುಡೆ ಆ ಊಹೆಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಹೊಂದಿಕೊಂಡಿತು. ಜೊತೆಗೆ ಮೂಲ ಎಲುಬುಗಳು ಮ್ಯೂಸಿಯಂನಲ್ಲಿ ಭದ್ರವಾಗಿದ್ದವು; ನೋಡಬಯಸಿ ಬಂದ ಅನೇಕರಿಗೆ ಅಧ್ಯಯನಕ್ಕೆ ಸಿಗುತ್ತಿದ್ದದ್ದು ಅಚ್ಚಿನಲ್ಲಿ ತೆಗೆದ ಪ್ರತಿಕೃತಿ. ಎಲುಬಿಗೆ ಹಾಕಿದ ಬಣ್ಣವನ್ನು ಪ್ರತಿಕೃತಿಯಲ್ಲಿ ಪರೀಕ್ಷಿಸಲು ಬರುವುದಿಲ್ಲ. 1953ರಲ್ಲಿ ಕೆನೆತ್ ಓಕ್ಲಿ, ಜೋಸೆಫ್ ವೈನರ್, ಲ ಗ್ರೋ ಕ್ಲಾರ್ಕ್ ಈ ಮೂವರು ವಿಜ್ಞಾನಿಗಳು ಮೂಲ ಹಲ್ಲುಗಳನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಅರದಿಂದ ಉಜ್ಜಿದ ಗೀರುಗಳು ಎದ್ದು ಕಂಡವು. ಮನುಷ್ಯನ ಹಲ್ಲು ಸವೆಯುವಂತೆ ಕಾಣಲೆಂದು ಯಾರೋ ಕಪಿಯ ದವಡೆಹಲ್ಲಿನ ಮೇಲ್ಮೈಯನ್ನು ಚಪ್ಪಟೆಯಾಗಿ ಉಜ್ಜಿದ್ದರು, ಅಕ್ಕಪಕ್ಕದ ಹಲ್ಲುಗಳ ಇಳಿಜಾರು ಕೂಡ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಆ ಗೀರುಗಳು 1912ರಲ್ಲಿಯೂ ಅಲ್ಲೇ ಇದ್ದವು.

ಈ ನಡುವೆ ಆದ ನಷ್ಟ ದೊಡ್ಡದು. ಅಂಗರಚನಾ ತಜ್ಞ ರೇಮಂಡ್ ಡಾರ್ಟ್ 1925ರಲ್ಲಿ ದಕ್ಷಿಣ ಆಫ್ರಿಕಾದ ಟಾಂಗ್ ಎಂಬಲ್ಲಿ ದೊರೆತ ಮಗುವಿನ ಬುರುಡೆಯನ್ನು ಪ್ರಕಟಿಸಿದರು. ಅದರಲ್ಲಿ ಮಿದುಳು ಚಿಕ್ಕದು, ಹಲ್ಲು ಮನುಷ್ಯನಂಥದು, ಅಂದರೆ ಪಿಲ್ಟ್‌ಡೌನಿಗೆ ಪೂರ್ತಿ ವಿರುದ್ಧ. ನಿಜವಾದ ಈ ಪಳೆಯುಳಿಕೆ ದಶಕಗಳ ಕಾಲ ಮೂಲೆಗುಂಪಾಗಿ ಉಳಿಯಲು ಸುಳ್ಳು ಬುರುಡೆಯೂ ಒಂದು ಕಾರಣ.

ಇನ್ನು ಮೋಸಕ್ಕೂ ತಪ್ಪಿಗೂ ವ್ಯತ್ಯಾಸವೇ ಇಲ್ಲವೆಂಬ ನಿಮ್ಮ ಮಾತು. ಅದನ್ನು ನಾನು ಒಪ್ಪಲಾರೆ. ಫ್ರಾನ್ಸಿನ ನಾನ್ಸಿ ನಗರದ ಭೌತವಿಜ್ಞಾನಿ ರೆನೆ ಬ್ಲಾಂಡ್ಲೊ 1903ರಲ್ಲಿ ಎನ್-ಕಿರಣಗಳೆಂಬ ಹೊಸ ಕಿರಣಗಳನ್ನು ಕಂಡೆನೆಂದರು. ಕತ್ತಲ ಕೋಣೆಯಲ್ಲಿ ಮಸುಕಾದ ಬೆಳಕು ತುಸು ಹೆಚ್ಚಾಯಿತೇ ಎಂದು ಕಣ್ಣಿನಿಂದಲೇ ನಿರ್ಧರಿಸುವ ಪ್ರಯೋಗ ಅದು. ಫ್ರಾನ್ಸಿನ ಇನ್ನೂ ಹಲವರಿಗೆ ಆ ಕಿರಣಗಳು ಕಂಡವು. ಮರುವರ್ಷ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಅಲ್ಲಿಗೆ ಹೋಗಿ, ಕತ್ತಲೆಯಲ್ಲಿ ಉಪಕರಣದ ಮುಖ್ಯ ಭಾಗವಾದ ಅಲ್ಯೂಮಿನಿಯಂ ಪಟ್ಟಕವನ್ನು ಯಾರಿಗೂ ತಿಳಿಯದಂತೆ ತೆಗೆದುಬಿಟ್ಟರು; ಆದರೂ ಬ್ಲಾಂಡ್ಲೊ ಮೊದಲಿನಂತೆಯೇ ಅಳತೆಗಳನ್ನು ಹೇಳುತ್ತಾ ಹೋದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಕಾಣಬೇಕೆಂದು ಮನಸ್ಸು ಬಯಸಿದ್ದನ್ನು ಕಣ್ಣು ಕಾಣುತ್ತಿತ್ತು. ಪಿಲ್ಟ್‌ಡೌನಿನ ಮೋಸಗಾರನ ಸಾಲಿನಲ್ಲಿ ಇವರನ್ನು ಕೂರಿಸುವುದು ಅನ್ಯಾಯ.

ನಿಮ್ಮ ತಂದೆಯವರು ಬರೆದಿಟ್ಟ ಮಳೆ ಪುಸ್ತಕದ ಬಗ್ಗೆ ನೀವು ಕೇಳಿದ್ದಕ್ಕೂ ಇದೇ ಉತ್ತರ. ಇಂಚು, ಸೆಂಟುಗಳಲ್ಲಿ (ಸೆಂಟೆಂದರೆ ಇಂಚಿನ ನೂರನೇ ಒಂದು ಭಾಗ) ದಿನದಿನವೂ ಬರೆದ ಆ ಲೆಕ್ಕ ಪಕ್ಕದ ತೋಟದವರ ಲೆಕ್ಕಕ್ಕೆ ಎಷ್ಟೋ ಕಡೆ ತಾಳೆಯಾಗುವುದಿಲ್ಲ, ಹಾಗಾದರೆ ಒಬ್ಬರು ಸುಳ್ಳು ಬರೆದಿದ್ದಾರೆಯೇ ಎಂದಿದ್ದೀರಿ. ಮೊದಲು ತಾರೀಖು ನೋಡಿ. ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8.30ಕ್ಕೆ ಅಳೆಯುವ ಮಳೆ ಹಿಂದಿನ 24 ಗಂಟೆಗಳದ್ದಾದರೂ ಅದನ್ನು ಅಳೆದ ದಿನದ ತಾರೀಖಿಗೇ ಬರೆಯುತ್ತಾರೆ; ಒಬ್ಬರು ಹಾಗೆ ಬರೆದು ಇನ್ನೊಬ್ಬರು ಹಿಂದಿನ ದಿನಕ್ಕೆ ಬರೆದರೆ ಇಡೀ ಮಳೆಗಾಲ ಒಂದು ದಿನ ಜರುಗಿ ಕಾಣುತ್ತದೆ. ಆಮೇಲೆ ಅಳತೆ ಗಾಜನ್ನು ನೋಡಿ. ಗಾಜು ಒಡೆದಾಗ ಕೈಗೆ ಸಿಕ್ಕಿದ್ದನ್ನು ತಂದಿಟ್ಟುಕೊಳ್ಳುವುದುಂಟು. 5 ಇಂಚು ಬಾಯಿಯ ಮಾಪಕಕ್ಕೆಂದು ಗುರುತು ಹಾಕಿದ ಗಾಜಿನಲ್ಲಿ 8 ಇಂಚು ಬಾಯಿಯ ಮಾಪಕದ ನೀರನ್ನು ಅಳೆದರೆ ಮಳೆ ಎರಡೂವರೆ ಪಟ್ಟಿಗಿಂತಲೂ ಹೆಚ್ಚು ಬಿದ್ದಂತೆ ಕಾಣುತ್ತದೆ. ಹತ್ತಿರದ ಸಿಲ್ವರ್ ಮರ ಬೆಳೆದು ಮಾಪಕಕ್ಕೆ ಮಳೆ ಮರೆಯಾಗಿದ್ದರೆ ವರ್ಷವರ್ಷಕ್ಕೆ ಮಳೆ ಕಡಿಮೆಯಾಗುತ್ತಿದೆ ಎಂಬ ಭ್ರಮೆಯೂ ಹುಟ್ಟೀತು. ಇವೆಲ್ಲ ಪ್ರಾಮಾಣಿಕರ ಕೈಯಲ್ಲಿ ಆಗುವ ತಪ್ಪುಗಳು. ಮೈಸೂರಿಗೆ ಹೋಗಿದ್ದ ದಿನಗಳ ಖಾಲಿ ಜಾಗವನ್ನು ಅಂದಾಜಿನ ಅಂಕಿಯಿಂದ ತುಂಬಿಸುವುದು ಮಾತ್ರ ಬೇರೆಯೇ ಜಾತಿ. ಅಲ್ಲಿಂದ ಮೋಸ ಶುರುವಾಗುತ್ತದೆ. ನಿಮ್ಮ ತಂದೆಯವರು ಅಂಥ ದಿನಗಳನ್ನು ಖಾಲಿ ಬಿಟ್ಟಿದ್ದಾರೆಂದು ನೀವೇ ಬರೆದಿದ್ದೀರಿ. ಆ ಪುಸ್ತಕವನ್ನು ನಾನು ಗೌರವದಿಂದ ಕಾಣುತ್ತೇನೆ. ಹಳೆಯ ಅಂಕಿಗಳನ್ನು ದಯವಿಟ್ಟು ತಿದ್ದಬೇಡಿ. ಗಾಜು ಬದಲಾದ ವರ್ಷ ಗೊತ್ತಿದ್ದರೆ ಅಂಚಿನಲ್ಲಿ ಬರೆದಿಡಿ.

ತಪ್ಪನ್ನು ತೆರೆದಿಟ್ಟರೆ ಎಷ್ಟು ಬೇಗ ಸಿಗುತ್ತದೆ ಎಂಬುದಕ್ಕೆ 2011ರ ನ್ಯೂಟ್ರಿನೊ ಪ್ರಕರಣ ಇದೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ ಸುಮಾರು 730 ಕಿಲೋಮೀಟರ್ ಸಾಗಿದ ನ್ಯೂಟ್ರಿನೊಗಳೆಂಬ ಅತಿಸೂಕ್ಷ್ಮ ಕಣಗಳು, ಯಾವುದೂ ಮೀರಲಾರದೆಂದು ತಿಳಿದಿರುವ ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮೊದಲೇ ತಲುಪಿದಂತೆ ಕಂಡವು. ಪ್ರಯೋಗ ನಡೆಸಿದ ಆಪೆರಾ ತಂಡದವರು ತಮಗೇ ತಪ್ಪು ಸಿಗದಿದ್ದಾಗ ಲೆಕ್ಕವನ್ನೆಲ್ಲ ಲೋಕದ ಮುಂದಿಟ್ಟು ಪರೀಕ್ಷಿಸಿ ಎಂದು ಕೇಳಿಕೊಂಡರು. 2012ರ ಫೆಬ್ರವರಿಯ ಹೊತ್ತಿಗೆ ಅಳತೆ ಕೆಡಿಸಿದ, ಸಡಿಲವಾಗಿ ಜೋಡಿಸಿದ್ದ ಒಂದು ಆಪ್ಟಿಕಲ್ ಫೈಬರ್ ಕೇಬಲ್ ಪತ್ತೆಯಾಯಿತು. ಆ ತಂಡದ ಮುಂದಾಳುಗಳಿಬ್ಬರು ರಾಜೀನಾಮೆ ಕೊಡಬೇಕಾಗಿ ಬಂದದ್ದು ನನಗೆ ಇಂದಿಗೂ ನೋವಿನ ಸಂಗತಿ. ತೆರೆದಿಟ್ಟವನಿಗೇ ಅವಮಾನವಾದರೆ ಮುಂದಿನವನು ಮುಚ್ಚಿಡುತ್ತಾನೆ.

ಮುಚ್ಚಿಟ್ಟದ್ದಕ್ಕೆ ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ವಿ. ಜೆ. ಗುಪ್ತ ಅವರ ಪ್ರಕರಣ. ಹಿಮಾಲಯದಲ್ಲಿ ಸಿಕ್ಕಿದವೆಂದು ಅವರು ಎರಡು ದಶಕಗಳಿಗೂ ಹೆಚ್ಚು ಕಾಲ ವರ್ಣಿಸುತ್ತಾ ಬಂದ ಪಳೆಯುಳಿಕೆಗಳಲ್ಲಿ ಕೆಲವು ಮೊರಾಕೊದಿಂದ ತಂದು ಅಂಗಡಿಗಳಲ್ಲಿ ಮಾರುವಂಥವು ಎಂದು ಆಸ್ಟ್ರೇಲಿಯಾದ ಭೂವಿಜ್ಞಾನಿ ಜಾನ್ ಟ್ಯಾಲೆಂಟ್ 1989ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಸಿಕ್ಕಿದ ಜಾಗವನ್ನು ಮತ್ತೊಬ್ಬರು ಹೋಗಿ ಹುಡುಕುವಷ್ಟು ಸ್ಪಷ್ಟವಾಗಿ ಹೇಳದ ಪ್ರಬಂಧಗಳು ಅಷ್ಟು ವರ್ಷ ಅಚ್ಚಾದವು, ಅವುಗಳ ಜೊತೆ ಹೆಸರು ಹಾಕಿಸಿಕೊಂಡವರೂ ಜಾಗ ಕೇಳಲಿಲ್ಲ. ಸುಳ್ಳು ಯಾವುದು, ನಿಜ ಯಾವುದು ಎಂದು ಬೇರ್ಪಡಿಸುವ ಹೊರೆ ಹಿಮಾಲಯದ ಭೂವಿಜ್ಞಾನವನ್ನು ಪ್ರಾಮಾಣಿಕವಾಗಿ ಓದುವವರ ತಲೆಯ ಮೇಲೆ ಬಿತ್ತು. ಇಂಥದ್ದಕ್ಕೆ ಯಾವ ರಿಯಾಯಿತಿಯೂ ಇರಬಾರದು.

ಆದ್ದರಿಂದ ಕೊಡಗಿನ 2018ರ ಭೂಕುಸಿತದ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯ ಕಂಡಾಗ ಅದನ್ನೇ ಮೋಸವೆಂದು ತಿಳಿಯಬೇಡಿ. ಮಳೆಯ ಪಾಲೆಷ್ಟು, ರಸ್ತೆಗೂ ಮನೆಗೂ ಗುಡ್ಡ ಕಡಿದದ್ದರ ಪಾಲೆಷ್ಟು ಎಂದು ಅವರು ವಾದಿಸುತ್ತಿದ್ದರೆ, ಯಾವ ಇಳಿಜಾರನ್ನು ನೋಡಿ ಬಂದಿರಿ, ಯಾವ ಮಳೆ ಲೆಕ್ಕ ಬಳಸಿದಿರಿ ಎಂದು ಕೇಳುವ ಹಕ್ಕು ನಿಮಗಿದೆ.

ಪತ್ರದ ಕೊನೆಯಲ್ಲಿ, ಬಿಳಿ ಕಾಂಡಕೊರಕವನ್ನು (ಬೋರರ್) ಒಂದೇ ತಿಂಗಳಲ್ಲಿ ನಿರ್ಮೂಲ ಮಾಡುತ್ತದೆಂದು ಮಾರಾಟಗಾರರೊಬ್ಬರು ಕೊಟ್ಟುಹೋದ ಔಷಧಿಯನ್ನು ಅರೇಬಿಕಾ ಕಾಫಿ ಗಿಡಗಳಿಗೆ ಹೊಡೆಯಬಹುದೇ ಎಂದು ಕೇಳಿದ್ದೀರಿ. ಮರಿಹುಳು ಕಾಂಡದೊಳಗೆ ತಿಂಗಳುಗಟ್ಟಲೆ ಇರುವ ಕೀಟ ಅದು. ಒಂದು ತಿಂಗಳಲ್ಲಿ ಫಲಿತಾಂಶ ಹೇಳಲು ಬರುವುದಿಲ್ಲ. ನೋಡಲೇಬೇಕೆಂದರೆ ಒಂದೇ ವಯಸ್ಸಿನ ಗಿಡಗಳಿರುವ ಒಂದೇ ತಾಕಿನಲ್ಲಿ ಸಾಲು ಬಿಟ್ಟು ಸಾಲಿಗೆ ಹೊಡೆಸಿ. ಆ ಮರಿಹುಳು ಬೆಳೆದು ಆಗುವ ದುಂಬಿಗೆ ಬಿಸಿಲು ಬೀಳುವ ಗಿಡವೆಂದರೆ ಇಷ್ಟವಾದ್ದರಿಂದ ನೆರಳು ಎರಡೂ ಕಡೆ ಸಮನಾಗಿರಬೇಕು, ಇಲ್ಲದಿದ್ದರೆ ನೆರಳಿನ ಕೀರ್ತಿ ಔಷಧಿಗೆ ಸಲ್ಲುತ್ತದೆ. ಮುಂದಿನ ವರ್ಷ ಬೋರರ್ ಹಿಡಿದ ಗಿಡಗಳನ್ನು ಎಣಿಸುವವರಿಗೆ ಯಾವ ಸಾಲಿಗೆ ಹೊಡೆದಿದೆ ಎಂಬುದು ತಿಳಿದಿರಬಾರದು. ಹೊಡೆಯುವ ಮೊದಲು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರಿಗೆ ಶೀಶೆಯ ಚೀಟಿಯನ್ನು ತೋರಿಸಿ. ಏನೇ ಆಗಲಿ, ದುಂಬಿಯ ಹಾರಾಟ ಶುರುವಾಗುವ ಮುಂಚೆ ಬೋರರ್ ಹಿಡಿದ ಗಿಡಗಳನ್ನು ಕಿತ್ತು ಸುಡುವ ಕೆಲಸವನ್ನು ಆ ಶೀಶೆಯ ಭರವಸೆಯ ಮೇಲೆ ಈ ವರ್ಷ ನಿಲ್ಲಿಸಬೇಡಿ.

– ಸಂಪಾದಕ