ಕ್ಯಾರೆಟ್ ಬೇರೆ, ಮಾತ್ರೆ ಬೇರೆ

ಪ್ರಶ್ನೆ: ಮೇಡಂ, ನಮ್ಮ ಯಜಮಾನರಿಗೆ 54 ವರ್ಷ. ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಾರೆ. ಎಷ್ಟು ಹೇಳಿದರೂ ಬಿಡುತ್ತಿಲ್ಲ. ಕ್ಯಾರೆಟ್ ಜಾಸ್ತಿ ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಸಂಶೋಧನೆಯಲ್ಲಿ ಕಂಡಿದೆಯಂತೆ. ಅದರಲ್ಲಿರುವ ಬೀಟಾ ಕ್ಯಾರೋಟಿನ್ ಮಾತ್ರೆಯಾಗಿಯೂ ಸಿಗುತ್ತದೆ. ದಿನಾ ಒಂದು ಕೊಡಲೇ?
– ಓದುಗರು, ತಿಪಟೂರು

ಬೇಡಮ್ಮ, ಕೊಡಬೇಡಿ. ತಂದಿಟ್ಟಿದ್ದರೆ ಇವತ್ತೇ ನಿಲ್ಲಿಸಿ.

ನೀವು ಓದಿದ್ದು ಸುಳ್ಳಲ್ಲ. ತರಕಾರಿ ಜಾಸ್ತಿ ತಿನ್ನುವವರಲ್ಲಿ ಈ ಕ್ಯಾನ್ಸರ್ ಕಡಿಮೆ ಎಂದು ಎಷ್ಟೋ ಅಧ್ಯಯನಗಳಲ್ಲಿ ಕಂಡಿತ್ತು. ಆದರೆ ಅವು ಜನರನ್ನು ಅವರ ಪಾಡಿಗೆ ಬಿಟ್ಟು ನೋಡಿದ ಅಧ್ಯಯನಗಳು. ಯಾರು ಏನು ತಿನ್ನುತ್ತಾರೆ, ಯಾರಿಗೆ ಕಾಯಿಲೆ ಬಂತು ಎಂದು ಬರೆದುಕೊಂಡಿದ್ದು, ಅಷ್ಟೆ. ನಿಮ್ಮ ಬೀದಿಯನ್ನೇ ನೆನೆಸಿಕೊಳ್ಳಿ. ದಿನಾ ಕೋಸಂಬರಿ ಮಾಡಿಕೊಂಡು ತಿನ್ನುವವರು ಯಾರು? ಹೆಚ್ಚಾಗಿ ಬೀಡಿ ಮುಟ್ಟದವರು, ಇಲ್ಲ ಕಡಿಮೆ ಸೇದುವವರು. ಸಂಜೆ ಒಂದು ಸುತ್ತು ನಡೆದು ಬರುವವರು. ಕೆಮ್ಮು ಬಂದ ವಾರದಲ್ಲೇ ಡಾಕ್ಟರ ಹತ್ತಿರ ಹೋಗುವವರು. ಅವರನ್ನು ಕಾಪಾಡಿದ್ದು ಕ್ಯಾರೆಟ್ಟೋ, ಉಳಿದದ್ದೋ? ಸುಮ್ನೆ ನೋಡಿ ಬರೆದುಕೊಂಡರೆ ಅದು ಗೊತ್ತಾಗುವುದಿಲ್ಲ.

ಅದನ್ನು ಬಿಡಿಸಿ ನೋಡಿದ್ದು ಫಿನ್‌ಲ್ಯಾಂಡ್‌ನಲ್ಲಿ. 50ರಿಂದ 69 ವರ್ಷದ 29,133 ಗಂಡಸರು, ಎಲ್ಲರೂ ಸಿಗರೇಟ್ ಸೇದುವವರೇ. ಯಾರಿಗೆ ಬೀಟಾ ಕ್ಯಾರೋಟಿನ್, ಯಾರಿಗೆ ಇಲ್ಲ ಎಂದು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಹಾಗೆ ಮಾಡಿದಾಗ ನಡೆಯುವವರು, ನಡೆಯದವರು, ಜಾಸ್ತಿ ಸೇದುವವರು, ಕಡಿಮೆ ಸೇದುವವರು ಎರಡೂ ಕಡೆ ಸಮನಾಗಿ ಹಂಚಿಹೋಗುತ್ತಾರೆ. ಮಾತ್ರೆಯಲ್ಲಿ ಬೀಟಾ ಕ್ಯಾರೋಟಿನ್ ಇದೆಯೋ ಇಲ್ಲವೋ ನುಂಗುವವರಿಗೂ ಗೊತ್ತಿಲ್ಲ, ಪರೀಕ್ಷೆ ಮಾಡುವ ಡಾಕ್ಟರಿಗೂ ಗೊತ್ತಿಲ್ಲ. ಡಾಕ್ಟರಿಗೆ ಗೊತ್ತಿದ್ದರೆ ಒಬ್ಬರ ಎಕ್ಸ್‌ರೇ ಹೆಚ್ಚು ಹುಡುಕಿ ನೋಡುತ್ತಾರೆ, ಇನ್ನೊಬ್ಬರದ್ದು ಕಡಿಮೆ. ಬೇಕೆಂದು ಮಾಡುವುದಲ್ಲ, ಮನಸ್ಸು ಹಾಗೆ.

ಐದರಿಂದ ಎಂಟು ವರ್ಷ ಮಾತ್ರೆ ಕೊಟ್ಟರು. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೋಟಿನ್ ನುಂಗಿದ ಅರ್ಧದಲ್ಲಿ 474 ಜನರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿತ್ತು. ನುಂಗದ ಅರ್ಧದಲ್ಲಿ 402. ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು! ಅಮೆರಿಕದಲ್ಲಿ ಇಂಥದ್ದೇ ಇನ್ನೊಂದು ಪರೀಕ್ಷೆಯಲ್ಲೂ ಮಾತ್ರೆ ನುಂಗಿದವರಲ್ಲೇ ಕ್ಯಾನ್ಸರ್ ಹೆಚ್ಚಿತ್ತು. 1996ರ ಜನವರಿಯಲ್ಲಿ, ಮುಗಿಯಲು 21 ತಿಂಗಳು ಇರುವಾಗಲೇ ಅದನ್ನು ನಿಲ್ಲಿಸಿದರು.

ಫಿನ್‌ಲ್ಯಾಂಡಿನದೇ ಇನ್ನೊಂದು ಸಂಗತಿ ಕೇಳಿ. ಆ ಗಂಡಸರಲ್ಲಿ, ಮಾತ್ರೆ ಶುರುವಾಗುವ ಮೊದಲೇ ಯಾರ ಊಟದಲ್ಲಿ, ರಕ್ತದಲ್ಲಿ ಬೀಟಾ ಕ್ಯಾರೋಟಿನ್ ಜಾಸ್ತಿ ಇತ್ತೋ ಅವರಿಗೆ ಕ್ಯಾನ್ಸರ್ ಕಡಿಮೆ ಬಂದಿತ್ತು. ಅದೇ ಜನ, ಅದೇ ವಸ್ತು. ತಾವಾಗಿ ತಿಂದವರನ್ನು ನೋಡಿದರೆ ಒಳ್ಳೆಯದು ಅನಿಸುತ್ತದೆ. ಚೀಟಿ ಎತ್ತಿ ಕೊಟ್ಟು ನೋಡಿದರೆ ಕೆಟ್ಟದ್ದು.

1994ಕ್ಕೆ ಮುಂಚೆ ಬೀಡಿ ಸೇದುವ ಎಷ್ಟೋ ಜನರಿಗೆ ಇಂಥ ಮಾತ್ರೆಯನ್ನು ನಾನೇ ಬರೆದುಕೊಟ್ಟಿದ್ದೇನೆ. ಒಳ್ಳೆಯದಾಗಲಿ ಎಂದೇ ಕೊಟ್ಟಿದ್ದು. ಅವರಲ್ಲಿ ಕೆಲವರ ಮುಖ ಇವತ್ತಿಗೂ ನೆನಪಿದೆ. ಅದಕ್ಕೇ ನಿಮಗೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಕ್ಯಾರೆಟ್ ಪಲ್ಯ, ಕೋಸಂಬರಿ ಧಾರಾಳವಾಗಿ ಮಾಡಿ. ಊಟದ ಕ್ಯಾರೆಟ್‌ಗೆ ಭಯ ಬೇಡ. ಯಜಮಾನರ ಕೈಗೆ ಫೋನ್ ಕೊಟ್ಟು ತಂಬಾಕು ಬಿಡಿಸುವ ಉಚಿತ ಸಹಾಯವಾಣಿ 1800 11 2356ಕ್ಕೆ ಮಾತಾಡಿಸಿ.

ಪ್ರಶ್ನೆ: ಅಪ್ಪನ ಕಾಯಿಲೆಗೆ ಎರಡು ಚಿಕಿತ್ಸೆ ಇವೆಯಂತೆ. ಅಧ್ಯಯನಕ್ಕೆ ಸೇರಿದರೆ ಯಾವುದು ಕೊಡಬೇಕೆಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ ಎಂದರು. ಅಪ್ಪನ ಜೀವ ಲಾಟರಿಯೇ?
– ಓದುಗರು, ದಾವಣಗೆರೆ

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಯಾವುದು ಮೇಲು ಎಂದು ಗೊತ್ತಿದ್ದೂ ಚೀಟಿ ಎತ್ತಿದರೆ ಅದು ಅನ್ಯಾಯವೇ. ನಿಜವಾಗಿ ಗೊತ್ತಿಲ್ಲದಾಗ ಮಾತ್ರ ಅದು ಸರಿ.

ನನ್ನ ಸೋದರಮಾವನಿಗೆ ಕ್ಷಯ ಬಂದಾಗ ಮೈಸೂರಿನ ಸ್ಯಾನಟೋರಿಯಂನಲ್ಲಿ ತಿಂಗಳುಗಟ್ಟಲೆ ಇದ್ದರು. ಅತ್ತೆ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ ಇಲ್ಲದೆ ಕ್ಷಯ ವಾಸಿಯಾಗದು ಎಂದು ಎಲ್ಲರೂ ನಂಬಿದ್ದ ಕಾಲ ಅದು. 1956ರಲ್ಲಿ ಮದ್ರಾಸಿನಲ್ಲಿ ಇದನ್ನೇ ಪರೀಕ್ಷೆಗೆ ಇಟ್ಟರು. 193 ಬಡ ರೋಗಿಗಳು. ಚೀಟಿ ಎತ್ತಿ ಅರ್ಧ ಜನರನ್ನು ಸ್ಯಾನಟೋರಿಯಂಗೆ ಸೇರಿಸಿದರು, ಉಳಿದವರಿಗೆ ಅವರ ಇಕ್ಕಟ್ಟಾದ ಮನೆಯಲ್ಲೇ ಅದೇ ಔಷಧ ಕೊಟ್ಟರು. ಡಾಕ್ಟರೇ ಆರಿಸಿದ್ದರೆ ತುಂಬಾ ಸೋತವರನ್ನು ಸ್ಯಾನಟೋರಿಯಂಗೆ ಕಳಿಸುತ್ತಿದ್ದರು, ಅಲ್ವಾ? ಆಗ ಹೋಲಿಕೆಗೆ ಅರ್ಥವೇ ಇರುತ್ತಿರಲಿಲ್ಲ.

ವರ್ಷದ ಕೊನೆಗೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಫಲ. ಮನೆಯವರಿಗೆ ಸೋಂಕು ಹೆಚ್ಚಾಗಲೂ ಇಲ್ಲ. ಇವತ್ತು ಕ್ಷಯದವರು ಮನೆಯಲ್ಲೇ ಇದ್ದು ಮಾತ್ರೆ ತೆಗೆದುಕೊಳ್ಳುವುದಕ್ಕೆ ಆ ರೋಗಿಗಳು ಒಪ್ಪಿಕೊಂಡದ್ದೂ ಒಂದು ಕಾರಣ.

ನಾಳೆ ಆಸ್ಪತ್ರೆಗೆ ಹೋದಾಗ ಇಷ್ಟು ಕೇಳಿ. ಎರಡರಲ್ಲಿ ಯಾವುದು ಮೇಲು ಎಂದು ನಿಮಗೆ ನಿಜವಾಗಿ ಗೊತ್ತಿಲ್ಲವೇ? ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ? ಒಪ್ಪಿಗೆ ಪತ್ರ ಕನ್ನಡದಲ್ಲೇ ಬೇಕು ಎನ್ನಿ, ಮನೆಗೆ ತಂದು ಅಪ್ಪನಿಗೆ ಓದಿ ಹೇಳಿ. ಅವರು ಬೇಡ ಎನ್ನಬಹುದು, ಮಧ್ಯದಲ್ಲಿ ಬಿಟ್ಟೂ ಬರಬಹುದು. ಅದರಿಂದ ಅವರಿಗೆ ಸಿಗಬೇಕಾದ ಚಿಕಿತ್ಸೆ ತಪ್ಪಬಾರದು.