ಟ್ರೇಜನ್ ಕಂಬದ ಮೇಲಿನ ಕೆತ್ತನೆ ಕೆಳಗಿನಿಂದ ಕಾಣುವುದೇ ಇಲ್ಲ. ಮತ್ತೆ ಯಾರು ನೋಡಲಿ ಅಂತ ಕೆತ್ತಿದರು?

ರೋಮ್‌ನಲ್ಲಿ ಕಂಬದ ಸುತ್ತ ತಿರುಗಿ ಕತ್ತು ನೋವು ಬಂತು, ಕೆತ್ತನೆಯ ನಾಲ್ಕೈದು ಸುತ್ತಿಗಿಂತ ಮೇಲಿನದು ಏನೂ ತಿಳಿಯಲಿಲ್ಲ ಅಂತ ಬರೆದಿದ್ದೀರಿ. ನನಗೂ ಅಲ್ಲಿ ಹಾಗೇ ಆಗಿತ್ತು. ರೋಮನ್ ಚಕ್ರವರ್ತಿ ಟ್ರೇಜನ್ ಡೇಸಿಯಾವನ್ನು (ಇಂದಿನ ರೊಮೇನಿಯಾ ಪ್ರದೇಶ) ಗೆದ್ದ ಕಥೆ ಹೇಳುವ ಕಂಬ ಇದು. ಪೀಠ ಸೇರಿ ಸುಮಾರು 35 ಮೀಟರ್ ಎತ್ತರ. ಉಬ್ಬುಶಿಲ್ಪದ ಪಟ್ಟಿ 23 ಸುತ್ತು ಬರುತ್ತದೆ, ಬಿಡಿಸಿ ಹಾಸಿದರೆ ಸುಮಾರು 190 ಮೀಟರ್. ಕೆತ್ತನೆಯೂ ತೆಳು. ಆಳವಾಗಿ ಕೆತ್ತಿದ್ದರೆ ನೆರಳು ಬಿದ್ದು ಕಂಬದ ಆಕಾರವೇ ಕೆಡುತ್ತಿತ್ತು.

ಮೊದಲಿನಿಂದ ಕೊನೆಯವರೆಗೆ ಯಾರಾದರೂ ಓದಲಿ ಅಂತ ಇದನ್ನು ಕೆತ್ತಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಎಲ್ಲಿ ನಿಂತರೂ ಮುಖ್ಯವಾದದ್ದು ಕಣ್ಣಿಗೆ ಬೀಳಬೇಕು, ಅಷ್ಟೇ. ಟ್ರೇಜನ್ ಚಕ್ರವರ್ತಿ ಐವತ್ತಕ್ಕೂ ಹೆಚ್ಚು ಸಲ ಬರುವುದು ಅದಕ್ಕೇ. ಕೆಳಗಿನ ಸುತ್ತಿನಲ್ಲಿ ಡ್ಯಾನ್ಯೂಬ್ ನದಿಯೇ ಗಡ್ಡದ ಮುದುಕನಾಗಿ ನೀರಿನಿಂದ ಎದ್ದು, ದೋಣಿಸೇತುವೆ ದಾಟುವ ಸೈನಿಕರನ್ನು ನೋಡುತ್ತಿದೆ. ಅರ್ಧ ಎತ್ತರದಲ್ಲಿ ರೆಕ್ಕೆಯ ವಿಜಯದೇವತೆ ಗುರಾಣಿಯ ಮೇಲೆ ಬರೆಯುತ್ತಿದ್ದಾಳೆ. ಅವಳ ಒಂದು ಪಕ್ಕ ಕ್ರಿ.ಶ. 101-102ರ ಡೇಸಿಯಾ ಯುದ್ಧ, ಇನ್ನೊಂದು ಪಕ್ಕ 105-106ರದು. ಅವಳ ನೇರಕ್ಕೇ ಮೇಲೆ, ತುದಿಯ ಹತ್ತಿರ, ಸೋತ ಡೇಸಿಯಾದ ರಾಜ ಡೆಸೆಬಾಲಸ್‌ನ ಸಾವು. ಕಂಬ ಸುತ್ತದೆ ಒಂದೇ ಕಡೆ ನಿಂತವರಿಗೂ ಕಥೆಯ ಸಾರ ಸಿಗುತ್ತದೆ.

ಇನ್ನೊಂದು ವಿಷಯ. ಕಂಬ ಸಿದ್ಧವಾದದ್ದು 113ರಲ್ಲಿ. 117ರಲ್ಲಿ ಟ್ರೇಜನ್ ತೀರಿಕೊಂಡ ಮೇಲೆ ಅವನ ಬೂದಿಯನ್ನು ಅದರ ಪೀಠದಲ್ಲೇ ಇಟ್ಟರು. ಅಂದರೆ ಅದು ಸಮಾಧಿಯೂ ಹೌದು. ಸಮಾಧಿಯ ಮೇಲಿನ ಕೆಲಸ ಜನರಿಗೆ ಕಾಣದಿದ್ದರೂ ಪೂರ್ತಿಯಾಗಿರಬೇಕು, ಅಲ್ವಾ?

ಹತ್ತಿರದಿಂದ ನೋಡಬೇಕು ಅಂದರೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ. ಅಲ್ಲಿ ಇಡೀ ಕಂಬದ ಪ್ಲಾಸ್ಟರ್ ಅಚ್ಚು ಇದೆ. ಸಭಾಂಗಣದ ಎತ್ತರ ಸಾಲದೆ ಎರಡು ತುಂಡು ಮಾಡಿ ಪಕ್ಕಪಕ್ಕ ನಿಲ್ಲಿಸಿದ್ದಾರೆ. ನಾನು ಅದರ ಮುಂದೆ ಒಂದು ಮಧ್ಯಾಹ್ನ ಪೂರ್ತಿ ಕಳೆದೆ. ಹೊಡೆದಾಟಕ್ಕಿಂತ ಕೆಲಸವೇ ಜಾಸ್ತಿ ಕಂಡಿತು. ಮರ ಕಡಿಯುತ್ತಾರೆ, ಕೋಟೆ ಕಟ್ಟುತ್ತಾರೆ, ಸಾಮಾನು ಹೊರುತ್ತಾರೆ.

ಡೆಸೆಬಾಲಸ್‌ನ ದೃಶ್ಯ ಮಾತ್ರ ಬಿಡಬೇಡಿ. ಮರದ ಕೆಳಗೆ ಮಂಡಿಯೂರಿ, ಬಾಗಿದ ಕತ್ತಿಯನ್ನು ತನ್ನ ಕುತ್ತಿಗೆಗೆ ಹಿಡಿದಿದ್ದಾನೆ. ಒಬ್ಬ ಸವಾರ ಕುದುರೆಯಿಂದ ಬಾಗಿ ಅವನ ಕಡೆ ಕೈ ಚಾಚಿದ್ದಾನೆ. 1965ರಲ್ಲಿ ಗ್ರೀಸ್‌ನಲ್ಲಿ ಟೈಬೀರಿಯಸ್ ಕ್ಲಾಡಿಯಸ್ ಮ್ಯಾಕ್ಸಿಮಸ್ ಎಂಬ ರೋಮನ್ ಸವಾರನ ಸಮಾಧಿಕಲ್ಲು ಸಿಕ್ಕಿತು. ಡೆಸೆಬಾಲಸ್‌ನನ್ನು ಹಿಡಿದು ಅವನ ತಲೆಯನ್ನು ಟ್ರೇಜನ್‌ಗೆ ಒಪ್ಪಿಸಿದ್ದು ತಾನೇ ಅಂತ ಅದರ ಮೇಲೆ ಬರೆಸಿಕೊಂಡಿದ್ದಾನೆ. ಅಲ್ಲೂ ಇದೇ ಕ್ಷಣದ ಕೆತ್ತನೆ ಇದೆ.